ಬಸ್ಸಿಗೊಂದು ಹಾದಿ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ದೂರ ಸುಮಾರು ೨೦ ಕಿಲೋಮೀಟರು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಹನ್ನೆರಡು ಹದಿಮೂರು ಮೈಲಿ. ೧೯೬೨ರಲ್ಲಿ ಈ ಎರಡು ಊರುಗಳಿಗೂ ಸೇರಿ ಒಂದೇ ಪೌರಾಡಳಿತ ಬಂದಿತು. ಆದರೂ ಗುಣಸ್ವಭಾವಗಳಲ್ಲಿ ಇವು ಒಂದೇ ಊರೆಂದು ಅಲ್ಲಿಯವರಾರೂ ಒಪ್ಪುವುದಿಲ್ಲ. ಹುಬ್ಬಳ್ಳಿ ಹತ್ತಿಯ ಪೇಟೆ, ರೈಲ್ವೆಯ ಠಾಣ್ಯ. ಧಾರವಾಡ ವಿದ್ಯಾಪೀಠಗಳ ಊರು, ಕಚೇರಿಗಳ ಊರು, ಹಾಡುಗಾರರ ಊರು. ಹೀಗಿರುವುದರಿಂದಲೇ ಒಂದರಲ್ಲಿ ಮನೆ ಮಾಡಿ ಇನ್ನೊಂದರಲ್ಲಿ ಉದ್ಯೋಗ ಮಾಡುವವರು, ಒಂದರಿಂದ ಇನ್ನೊಂದರ ಕಾಲೇಜಿಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ ದಿನವೂ ಓಡಾಡುವವರು ಅಸಂಖ್ಯ. ಇವರೆಲ್ಲರನ್ನೂ ಬಹುಕಾಲ ಹೊತ್ತು ತಿರುಗಿದ ದಾರಿ ಒಂದೇ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹಳೆಯ ಹೆದ್ದಾರಿ ಅದು. ಅಲ್ಲಿಯ ಜನ ಇಂದಿಗೂ ಅದನ್ನು ಪಿ.ಬಿ. ರೋಡು ಎಂದೇ ಕರೆಯುತ್ತಾರೆ. ಈ ರಸ್ತೆಯ ನಡುಭಾಗವನ್ನು ಬಸ್ಸಿಗೆಂದೇ ಪ್ರತ್ಯೇಕವಾಗಿ ಬಿಟ್ಟುಕೊಟ್ಟ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮಂಡ್ಯ ಜಿಲ್ಲೆಯ ಹೊಣಕೆರೆಯ ಮೇಷ್ಟರಿಗೆ ಹುಬ್ಬಳ್ಳಿಯ ಬಸ್ಸಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ನನ್ನ ತಂಗಿಯನ್ನು ಧಾರವಾಡಕ್ಕೆ ಕೊಟ್ಟಿದೆ. ಆ ಕಾರಣದಿಂದ ಬೇಸಗೆಯ ರಜದಲ್ಲಿ ಆ ಕಡೆಗೆ ಹೋಗಿಬರುವುದು ರೂಢಿ. ಆ ದಾರಿಯನ್ನು ಅಗೆದಿದ್ದಾಗಲೂ ನೋಡಿದ್ದೇನೆ, ಅದರ ಮೇಲೆ ಬಸ್ಸು ಓಡುತ್ತಿರುವಾಗಲೂ ಕುಳಿತಿದ್ದೇನೆ. ಇನ್ನೊಂದು ಕಾರಣವೂ ಇದೆ. ನಮ್ಮ ನಾಗಮಂಗಲ ಸೀಮೆಯ ಹಳ್ಳಿಗಳಲ್ಲಿ ರಸ್ತೆಯಿದೆ, ಬಸ್ಸು ಸಾಲದು. ಸಂಜೆ ಗಂಟೆ ಬಾರಿಸಿದ ಮೇಲೆ ಪುಸ್ತಕದ ಚೀಲ ಹೊತ್ತ ಮಕ್ಕಳು ಬಿಕೋ ಎನ್ನುವ ದಾರಿಯನ್ನೇ ದಿಟ್ಟಿಸುತ್ತ ನಿಲ್ಲುತ್ತಾರೆ. ಹುಬ್ಬಳ್ಳಿ ಧಾರವಾಡಗಳ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಸಾರಿಗೆ ಸಂಸ್ಥೆಯ ಬಸ್ಸುಗಳಿದ್ದವು, ಬೇಂದ್ರೆಯವರ ಹೆಸರಿಟ್ಟುಕೊಂಡ ಖಾಸಗಿ ಬಸ್ಸುಗಳಿದ್ದವು. ಬಸ್ಸಿಗೆ ಮುಂದೆ ಹೋಗಲು ಎಡೆಯಿರಲಿಲ್ಲ. ಕಾಯುವವನು ಮಾತ್ರ ಎರಡು ಕಡೆಯೂ ಒಬ್ಬನೇ, ಮನೆಯಲ್ಲಿ ಸ್ವಂತ ವಾಹನವಿಲ್ಲದವನು.

ಎಡೆ ಹೇಗೆ ಇಲ್ಲವಾಯಿತೆಂಬುದನ್ನು ಮಾಧ್ಯಮಿಕ ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲ. ೧೨ ಮೀಟರು ಉದ್ದದ ಒಂದು ಬಸ್ಸಿನಲ್ಲಿ ಕುಳಿತವರೂ ನಿಂತವರೂ ಸೇರಿ ಅರವತ್ತು ಜನ ಹೋಗುತ್ತಾರೆಂದು ಇಟ್ಟುಕೊಳ್ಳೋಣ. ಅದೇ ಅರವತ್ತು ಜನ ಒಬ್ಬೊಬ್ಬರೋ ಇಬ್ಬಿಬ್ಬರೋ ಆಗಿ ಕಾರಿನಲ್ಲಿ ಹೊರಟರೆ ನಲವತ್ತು ಕಾರುಗಳಾದರೂ ಬೇಕು. ನಲವತ್ತು ಕಾರು ಒಂದರ ಬೆನ್ನಿಗೆ ಒಂದು ನಿಂತರೆ ಕಾಲು ಕಿಲೋಮೀಟರಿನಷ್ಟು ಉದ್ದದ ಸಾಲು. ಆ ಸಾಲಿನ ಹಿಂದೆ ನಮ್ಮ ಬಸ್ಸು ಬಂದು ನಿಲ್ಲುತ್ತದೆ. ಸಾಲಿಗೆ ಕಾರಣರಾದವರು ತಮ್ಮ ಪಾಲಿನ ತಡವನ್ನು ತಾವು ಅನುಭವಿಸಿದರೆ ಸರಿ. ಕಾರಣರಲ್ಲದ ಅರವತ್ತು ಜನವೂ ಅದನ್ನು ಅನುಭವಿಸಬೇಕಾಗುತ್ತದೆ. ರಸ್ತೆಯನ್ನು ಅಗಲ ಮಾಡಿದರೆ ತೀರಿತಲ್ಲ ಎಂದರೆ, ಅಗಲವಾದ ರಸ್ತೆಗೆ ಇನ್ನಷ್ಟು ಕಾರು ಬರುತ್ತವೆ. ಇದು ಬೆಂಗಳೂರಿನಲ್ಲಿ ವಾಸಮಾಡಿದವರೆಲ್ಲರಿಗೂ ಗೊತ್ತಿರುವ ಸಂಗತಿ.

ಇದಕ್ಕೆ ಮದ್ದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದವರು ದಕ್ಷಿಣ ಅಮೆರಿಕದವರು. ಬ್ರೆಜಿಲ್ ದೇಶದ ಕುರಿಟಿಬ ಎಂಬ ನಗರದಲ್ಲಿ ಜೈಮೆ ಲರ್ನರ್ ಎಂಬ ವಾಸ್ತುಶಿಲ್ಪಿ ಪೌರಾಧ್ಯಕ್ಷರಾಗಿದ್ದಾಗ, ೧೯೭೪ರಲ್ಲಿ, ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಟ್ಟಿಯನ್ನು ಮಾಡಿದರು. ಸುರಂಗ ತೋಡಿ ರೈಲು ಬಿಡುವಷ್ಟು ಹಣ ಆ ಊರಿಗಿರಲಿಲ್ಲ. ರೈಲಿನ ಗುಣಗಳನ್ನೇ ಬಸ್ಸಿಗೆ ತಂದುಕೊಡೋಣ ಎಂಬುದು ಅವರ ಯೋಚನೆ. ಕೊಲಂಬಿಯದ ಬೊಗೋಟ ನಗರ ೨೦೦೦ದ ಡಿಸೆಂಬರಿನಲ್ಲಿ ಅದನ್ನೇ ಇನ್ನೂ ದೊಡ್ಡದಾಗಿ ಮಾಡಿತು. ನಮ್ಮ ದೇಶದಲ್ಲಿ ಅಹಮದಾಬಾದು ೨೦೦೯ರಲ್ಲಿ ಮಾಡಿ ತೋರಿಸಿತು. ಅಹಮದಾಬಾದಿಗೆ ನಕ್ಷೆ ಹಾಕಿಕೊಟ್ಟ ಸೆಪ್ಟ್ ವಿದ್ಯಾಸಂಸ್ಥೆಯವರೇ ಹುಬ್ಬಳ್ಳಿ ಧಾರವಾಡಗಳಿಗೂ ಯೋಜನೆಯ ವಿವರಗಳನ್ನು ಸಿದ್ಧಪಡಿಸಿದರು. ವಿಶ್ವಬ್ಯಾಂಕಿನ ನೆರವು ದೊರೆಯಿತು. ಕೆಲಸ ನಡೆಸಲೆಂದೇ ೨೦೧೨ರಲ್ಲಿ ಒಂದು ಕಂಪನಿಯನ್ನು ಸ್ಥಾಪಿಸಿದ್ದೂ ಆಯಿತು.

ರೈಲಿನ ಗುಣ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಧಾರಣ ಬಸ್ಸಿನಲ್ಲಿ ಹೊತ್ತು ಹೋಗುವುದು ಓಟದಲ್ಲಿ ಅಲ್ಲ, ನಿಲ್ದಾಣದಲ್ಲಿ. ಬಸ್ಸು ರಸ್ತೆಯ ಅಂಚಿಗೆ ಬರಬೇಕು. ಅಲ್ಲಿ ಆಟೋ ನಿಂತಿರುತ್ತದೆ. ಜನ ಮೆಟ್ಟಿಲು ಹತ್ತಬೇಕು. ಮೊದಲನೆಯವನ ಹತ್ತಿರ ಎರಡು ಮೂಟೆಗಳಿರುತ್ತವೆ. ಚೀಟಿ ಹರಿಯುವುದು, ಚಿಲ್ಲರೆ ಹುಡುಕುವುದು ಬೇರೆ. ತ್ವರಿತ ಸಾರಿಗೆಯಲ್ಲಿ ಇವೆಲ್ಲವನ್ನೂ ಒಂದೊಂದಾಗಿ ಕಳೆದಿದ್ದಾರೆ. ನಿಲ್ದಾಣವನ್ನು ರಸ್ತೆಯ ಅಂಚಿನಿಂದ ತೆಗೆದು ನಡುವಿಗೆ ತಂದರು. ನಿಲ್ದಾಣದ ಜಗಲಿಯನ್ನು ಬಸ್ಸಿನ ನೆಲದ ಮಟ್ಟಕ್ಕೇ ಎತ್ತರಿಸಿದರು. ಚೀಟಿಯನ್ನು ಒಳಗೆ ಬರುವಾಗಲೇ ಕೊಂಡು, ರೈಲ್ವೆ ಪ್ಲಾಟ್‌ಫಾರಮ್ಮಿನಂತೆ ಬಾಗಿಲು ದಾಟಿ ನಿಂತಿದ್ದರಾಯಿತು. ಬಸ್ಸು ಬಂದಾಗ ಅದರ ಬಾಗಿಲೂ ನಿಲ್ದಾಣದ ಬಾಗಿಲೂ ತೆರೆದುಕೊಳ್ಳುತ್ತವೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮುದುಕಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: “ಹತ್ತಾಕ ಮೆಟ್ಲ ಇಲ್ಲ ನೋಡಪಾ ತಮ್ಮಾ. ನಮ್ಮ ಮನಿ ಪಡಸಾಲಿಗೆ ಹೋದಂಗ ಹೋಗೂದು.” ಮಂಡಿನೋವಿನವರಿಗೆ ಈ ಮಾತಿನ ಬೆಲೆ ಗೊತ್ತು.

ಹುಬ್ಬಳ್ಳಿ ಧಾರವಾಡದ ದಾರಿಯಲ್ಲಿ ಇನ್ನೊಂದು ವಿಶೇಷವಿದೆ. ಇತರ ಹಲವು ಕಡೆಗಳಲ್ಲಿ ಬಸ್ಸಿಗೆ ಹೋಗಲು ಒಂದು ಪಟ್ಟಿ, ಬರಲು ಒಂದು ಪಟ್ಟಿ. ಇಲ್ಲಿ ಒಂದೊಂದು ದಿಕ್ಕಿಗೂ ಎರಡೆರಡು ಪಟ್ಟಿಗಳನ್ನು ಬಿಟ್ಟಿದ್ದಾರೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲನ್ನು ಕಂಡವರಿಗೆ ಇದರ ಅಗತ್ಯ ಕೂಡಲೇ ತಿಳಿಯುತ್ತದೆ: ಮುಂದಿನ ಗಾಡಿಯ ಅಚ್ಚು ಮುರಿದರೆ ಹಿಂದಿನ ನೂರು ಗಾಡಿಗಳಿಗೂ ಅಲ್ಲಿಯೇ ಬಿಡಾರ. ಎರಡು ಪಟ್ಟಿಗಳಿದ್ದರೆ ನಿಂತ ಬಸ್ಸನ್ನು ದಾಟಿ ಇನ್ನೊಂದು ಮುಂದೆ ಹೋಗಬಹುದು. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಬಸ್ಸನ್ನೂ ನಡುವೆ ನಿಲ್ಲದ ಬಸ್ಸನ್ನೂ ಒಂದೇ ದಾರಿಯಲ್ಲಿ ಓಡಿಸಬಹುದು. ಆದರೆ ಇದಕ್ಕೆ ನೆಲ ಬಹಳ ಬೇಕು. ಬಸ್ಸಿನ ನಾಲ್ಕು ಪಟ್ಟಿ, ಎರಡೂ ಮಗ್ಗುಲಿಗೆ ಉಳಿದ ವಾಹನಗಳ ಪಟ್ಟಿ, ಕಾಲುದಾರಿ, ಚರಂಡಿ ಎಲ್ಲ ಸೇರಿ ರಸ್ತೆಯ ಅಗಲ ಕೆಲವೆಡೆ ೩೫ ಮೀಟರು, ಕೆಲವೆಡೆ ೪೪ ಮೀಟರು. ಇಷ್ಟು ನೆಲ ಎಲ್ಲಿಂದ ಬರಬೇಕು? ಇಕ್ಕೆಲದ ಮನೆ, ಅಂಗಡಿ, ಅಂಗಳ, ಮರ, ಗುಡಿಗಳಿಂದಲೇ ಬರಬೇಕು.

ಕಟ್ಟುವ ಕೆಲಸದ ನಿಜವಾದ ಕಥೆ ಇದೇ. ಮಾರ್ಗದ ಉದ್ದ ೨೨ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನಿಲ್ದಾಣಗಳು ಮೂವತ್ತಕ್ಕೂ ಮಿಕ್ಕು. ವೆಚ್ಚ ಸುಮಾರು ೯೭೦ ಕೋಟಿ ರೂಪಾಯಿ. ಆದರೆ ಈ ಅಂಕಿಗಳಲ್ಲಿ ಧೂಳು ಕಾಣುವುದಿಲ್ಲ. ಹೊಸೂರಿನಿಂದ ವಿದ್ಯಾನಗರ, ಉಣಕಲ್ಲಿನ ಕೆರೆಯ ಏರಿ, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ಪೇರಲ ಹಣ್ಣಿಗೆ ಹೆಸರಾದ ನವಲೂರು, ವಿದ್ಯಾಗಿರಿ, ಟೋಲ್ ನಾಕಾ, ಜ್ಯೂಬಿಲಿ ಸರ್ಕಲ್ಲು: ಇಷ್ಟು ದಾರಿಯೂ ವರ್ಷಗಟ್ಟಲೆ ಅಗೆದುಕೊಂಡು ಬಿದ್ದಿತ್ತು. ಒಂದು ಕಡೆ ಡಾಂಬರು ಬಿದ್ದರೆ ಮುಂದಿನ ಫರ್ಲಾಂಗಿನಲ್ಲಿ ಕೊಳವೆ ಮೇಲಕ್ಕೆದ್ದಿರುತ್ತಿತ್ತು. ನವಲೂರಿನ ಸೇತುವೆ ಬಹಳ ಕಾಲ ಹಿಡಿಯಿತು. ಭೂಮಿಯ ಪರಿಹಾರದ ವ್ಯವಹಾರಗಳು ನ್ಯಾಯಾಲಯದ ಮೆಟ್ಟಿಲೇರಿದವು. ಪರೀಕ್ಷಾರ್ಥವಾಗಿ ಬಸ್ಸು ಓಡಲಾರಂಭಿಸಿದ್ದು ೨೦೧೮ರ ಅಕ್ಟೋಬರ್ ೨, ಗಾಂಧೀಜಯಂತಿಯಂದು. ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ವಿಧ್ಯುಕ್ತವಾಗಿ ಪ್ರಾರಂಭೋತ್ಸವ ನೆರವೇರಿಸಿದ್ದು ೨೦೨೦ರ ಫೆಬ್ರವರಿ ೨ರಂದು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ ಕೊರೋನಾ ಬಂದು ದೇಶದ ಬಸ್ಸುಗಳೆಲ್ಲ ನಿಂತುಹೋದವು. ಭೈರಿದೇವರಕೊಪ್ಪದಲ್ಲಿ ರಸ್ತೆಯ ಅಂಚಿಗಿದ್ದ ದರ್ಗಾದ ಕಟ್ಟಡವನ್ನು ತೆರವು ಮಾಡಿದ್ದಂತೂ ೨೦೨೨ರ ಡಿಸೆಂಬರಿನಲ್ಲಿ, ಎಂದರೆ ಬಸ್ಸು ಓಡಲಾರಂಭಿಸಿ ನಾಲ್ಕು ವರ್ಷಗಳಾದ ಮೇಲೆ. ಅಷ್ಟರೊಳಗೆ ಹಲವು ಗುಡಿಗಳೂ ಜಾಗ ಬಿಟ್ಟಿದ್ದವು. ಪೂಜೆಯ ಸ್ಥಳ ಕದಲಿದಾಗ ಜನದ ಮನಸ್ಸಿಗಾಗುವ ನೋವನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆಯುವುದು?

ದಾರಿಯ ಬದಿಯ ಒಬ್ಬ ಕಿರಾಣಿ ಅಂಗಡಿಯವರನ್ನು ಮಾತಿಗೆಳೆದಿದ್ದೆ. ಅಂಗಡಿಯ ಮುಂಭಾಗ ರಸ್ತೆಗೆ ಹೋಗಿತ್ತು. ಉಳಿದದ್ದಕ್ಕೆ ಹೊಸ ಗೋಡೆ ಕಟ್ಟಿಕೊಂಡಿದ್ದರು. “ಬಸ್ಸೇನೋ ಛಲೋ ಐತ್ರೀ ಸರ, ನಮ್ಮ ಹುಡುಗಿ ಅದರಾಗ ಕಾಲೇಜಿಗೆ ಹೋಗ್ತಾಳ. ಆದ್ರ ಗಿರಾಕಿ ಅಲ್ಲಿ ನಡುವ ಇಳೀತಾನ. ಈ ಕಡೆ ದಾಟಿ ಬರಬೇಕಲ್ರೀ? ಅಂವ ಆ ಗಾಡಿ ಓಡೂದ ನೋಡಿ, ಉಪ್ಪು ಮೆಣಸಿನಕಾಯಿ ಮನಿ ಹತ್ರನs ತಗೊಂಡ್ರಾತು ಅಂತಾನ.” ಪರಿಹಾರ ಬಂದಿತೇ ಎಂದು ಕೇಳಿದೆ. “ನೆಲಕ್ಕ ಬಂತ್ರಿ. ಗಿರಾಕಿಗೆ ಬರಲಿಲ್ಲ,” ಎಂದರು. ಇದರಲ್ಲಿ ಕಹಿ ಇತ್ತೆಂದು ನನಗೆ ತೋರಲಿಲ್ಲ. ವ್ಯಾಪಾರಿಯ ಕಟ್ಟುನಿಟ್ಟಾದ ಲೆಕ್ಕವಿತ್ತು. ಆ ಲೆಕ್ಕ ತಪ್ಪೆಂದು ಹೇಳಲು ನನಗೆ ಯಾವ ಆಧಾರವೂ ಕಾಣಲಿಲ್ಲ.

ಬಸ್ಸಿಗೆ ಅವರಿಟ್ಟಿರುವ ಹೆಸರು ‘ಚಿಗರಿ’. ಕನ್ನಡ ಪಾಠ ಹೇಳುವವನಾದ್ದರಿಂದ ಇದರ ಬಗೆಗೆ ಒಂದು ಮಾತಾಡದೆ ಮುಂದಕ್ಕೆ ಹೋಗಲಾರೆ. ನಮ್ಮ ಕಡೆ ಜಿಂಕೆ ಎನ್ನುತ್ತೇವೆ. ಆ ಕಡೆಯವರ ಮಾತು ಚಿಗರಿ. ಹಳಗನ್ನಡದ ಎರಳೆ, ಹುಲ್ಲೆಗಳು ಈಗ ಪಠ್ಯಪುಸ್ತಕದಲ್ಲಿ ಮಾತ್ರ ಮೇಯುತ್ತಿವೆ. ಚಿಗರಿ ಇನ್ನೂ ಬಾಯಲ್ಲಿ ಬದುಕಿದೆ. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ಸಿಕ್ಕುವ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಾರಣ್ಯವೂ ಇದೆಯಾದ್ದರಿಂದ ಹೆಸರು ನೆಲಕ್ಕೆ ಹೊಂದುತ್ತದೆ. ಎಲ್ಲಕ್ಕೂ ‘ಸ್ಮಾರ್ಟ್’ ಎಂದೋ ‘ಮೆಟ್ರೋ’ ಎಂದೋ ಹಣೆಪಟ್ಟಿ ಹಚ್ಚುವ ಈ ದಿನಗಳಲ್ಲಿ ದೇಸಿಯ ಒಂದು ಮಾತನ್ನು ಬಸ್ಸಿನ ಮೇಲೆ ಬರೆಸಿದವರು ಯಾರೇ ಆಗಲಿ, ಅವರಿಗೆ ನನ್ನ ನಮಸ್ಕಾರ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಚಾಲಕರು ಓಡಿಸುವ ಈ ಹವಾನಿಯಂತ್ರಿತ ಬಸ್ಸುಗಳು ಸುಮಾರು ನೂರು ಬಂದವು. ಬೆಳಗಿನ ಹತ್ತು ಗಂಟೆಗೆ ಪಕ್ಕದ ಪಟ್ಟಿಗಳಲ್ಲಿ ಕಾರುಗಳು ಸಿಗ್ನಲ್ಲಿಗೆ ಕಾದು ನಿಂತಿರುವಾಗ ನಡುವಿನ ಪಟ್ಟಿಯಲ್ಲಿ ಚಿಗರಿ ನೆಗೆದು ಹೋಗುವುದನ್ನು ನೋಡಿದರೆ ಹೆಸರು ಸಾರ್ಥಕವೆನ್ನಿಸುತ್ತದೆ. ಊರೊಳಗಿನ ಇಕ್ಕಟ್ಟಿನಲ್ಲಿ ಮಾತ್ರ ಅದಕ್ಕೂ ಪ್ರತ್ಯೇಕ ಪಟ್ಟಿಯಿಲ್ಲ. ಎರಡೂ ಪೇಟೆಗಳ ಒಳಗೆ ಎಲ್ಲರ ಜೊತೆಗೆ ಅದೂ ತೆವಳಬೇಕು.

ಕೊರತೆಗಳನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾದ ಬಳಿ ನೀರು ನಿಲ್ಲುವುದು ವರ್ಷ ವರ್ಷದ ಪಾಡಾಯಿತು. ಧಾರವಾಡದ ಮಳೆ ಹೊಸದಲ್ಲ. ಸಹ್ಯಾದ್ರಿಯ ಮಗ್ಗುಲಿನ ಆ ಊರಿಗೆ ಮಳೆ ಬರುತ್ತದೆಂಬುದು ರಸ್ತೆ ಕಟ್ಟಿದವರಿಗೆ ತಿಳಿಯದ ವಿಷಯವೂ ಅಲ್ಲ. ಇಳಿಜಾರಿನ ನೀರು ಹರಿದುಹೋಗುತ್ತಿದ್ದ ಹಾದಿಗೆ ಅಡ್ಡಲಾಗಿ ಅಗಲವಾದ ಡಾಂಬರು ಹರಡಿದ ಮೇಲೆ ಚರಂಡಿಯನ್ನೂ ಅದಕ್ಕೆ ತಕ್ಕಂತೆ ಅಗಲಿಸಬೇಡವೇ? ಇನ್ನು ರಸ್ತೆ ದಾಟುವ ಮಾತು. ನಿಲ್ದಾಣ ನಡುವಿಗೆ ಹೋದುದರಿಂದ ಪ್ರತಿಯೊಬ್ಬ ಪ್ರಯಾಣಿಕನೂ ಹತ್ತುವಾಗ ಅರ್ಧ ರಸ್ತೆ, ಇಳಿದಾಗ ಅರ್ಧ ರಸ್ತೆ ದಾಟಲೇಬೇಕು. ದಾಟುವ ಗೆರೆ ಇದೆ. ಗೆರೆ ಕಂಡು ನಿಲ್ಲಿಸುವ ಕಾರಿನವರು ಕಡಿಮೆ. ಸಂಜೆಯ ಹೊತ್ತು ಕಾಲೇಜು ಬಿಟ್ಟಾಗ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಗುಂಪುಕಟ್ಟಿಕೊಂಡು ದಾಟುವುದನ್ನು ಕಂಡಿದ್ದೇನೆ. ಬಸ್ಸಿನಲ್ಲಿ ಉಳಿದ ಹತ್ತು ನಿಮಿಷವನ್ನು ಅವರು ಆ ಅಂಚಿನಲ್ಲಿ ನಿಂತು ಕಳೆಯುತ್ತಾರೆ. ಬಡಾವಣೆಗಳಿಂದ ಈ ಹಾದಿಗೆ ಜನರನ್ನು ತಂದು ಮುಟ್ಟಿಸುವ ಸಣ್ಣ ಬಸ್ಸುಗಳೂ ಸಾಲವು ಎಂದು ನನ್ನ ಭಾವನವರ ದೂರು. ಅವರು ಮನೆಯಿಂದ ನಿಲ್ದಾಣಕ್ಕೆ ಆಟೋಗೆ ಕೊಡುವ ಹಣ ಬಸ್ಸಿನ ಚೀಟಿಗಿಂತ ಹೆಚ್ಚು.

ಇಲ್ಲಿ ನಮ್ಮ ಸೀಮೆಯ ಕಡೆಗೆ ಒಮ್ಮೆ ತಿರುಗಿ ನೋಡುವುದು ಅಪ್ರಸ್ತುತವಾಗಲಾರದು. ಬೆಂಗಳೂರಿನಿಂದ ಮಂಡ್ಯ, ಶ್ರೀರಂಗಪಟ್ಟಣಗಳ ಮಗ್ಗುಲಲ್ಲಿ ಮೈಸೂರಿಗೆ ಬಂದಿರುವ ಹೊಸ ಹೆದ್ದಾರಿಯನ್ನು ತಾವೆಲ್ಲರೂ ಬಲ್ಲಿರಿ. ಪ್ರಧಾನಮಂತ್ರಿಗಳು ಅದನ್ನು ೨೦೨೩ರ ಮಾರ್ಚ್ ೧೨ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿ, ಅದೇ ದಿನ ಧಾರವಾಡಕ್ಕೆ ಹೋಗಿ ಹುಬ್ಬಳ್ಳಿ ರೈಲುನಿಲ್ದಾಣದ ಒಂದೂವರೆ ಕಿಲೋಮೀಟರು ಉದ್ದದ ಪ್ಲಾಟ್‌ಫಾರಮ್ಮನ್ನೂ ಉದ್ಘಾಟಿಸಿದರು. ಆ ಹೆದ್ದಾರಿಯ ಮುಖ್ಯ ಪಟ್ಟಿಗಳಲ್ಲಿ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವು ಪಕ್ಕದ ರಸ್ತೆಯಲ್ಲಿ ಹೋಗಬೇಕು. ವೇಗದ ವಾಹನಗಳ ನಡುವೆ ನಿಧಾನದವು ಸಿಕ್ಕಿ ಸಾಯಬಾರದೆಂಬ ಆ ಕ್ರಮಕ್ಕೆ ಸಾಕಷ್ಟು ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ದಾರಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ನಡುವಿನ ನಯವಾದ ಪಟ್ಟಿ ಕಾರಿಗೆ, ಅಂಚು ಹಳ್ಳಿಯವನಿಗೆ. ಇನ್ನೊಂದರಲ್ಲಿ ನಡುವಿನ ಪಟ್ಟಿ ಬಸ್ಸಿನವನಿಗೆ, ಅಂಚು ಕಾರಿಗೆ. ಮೊದಲನೆಯದನ್ನು ಅನ್ಯಾಯವೆಂದು ಕಾರಿನವರಾರೂ ಹೇಳಿದಂತಿಲ್ಲ. ಎರಡನೆಯದರ ಮೇಲೆ ಮಾತ್ರ, ‘ಇಷ್ಟು ಅಗಲದ ರಸ್ತೆ ಖಾಲಿ ಬಿದ್ದಿದೆ, ಎಲ್ಲರಿಗೂ ಬಿಡಿ’ ಎಂಬ ಕೂಗು ದಿನದಿನಕ್ಕೆ ಬಲಿಯುತ್ತಿದೆ.

ಈಗ ಅವಳಿನಗರದಲ್ಲಿ ನಡೆಯುತ್ತಿರುವ ಚರ್ಚೆಯೇ ಅದು. ಬಸ್ಸಿನ ಪಟ್ಟಿಗೆ ಇತರ ವಾಹನಗಳನ್ನೂ ಬಿಡಬೇಕೆನ್ನುವವರಿದ್ದಾರೆ. ಈ ಬಸ್ಸುಗಳನ್ನು ತೆಗೆದು ವಿದ್ಯುತ್ತಿನಿಂದ ಓಡುವ ಬೇರೊಂದು ಬಗೆಯ ತ್ವರಿತ ವಾಹನವನ್ನು ತರೋಣ ಎನ್ನುವವರಿದ್ದಾರೆ. ೨೦೧೮ರಲ್ಲಿ ಬಂದ ಬಸ್ಸುಗಳಿಗೆ ವಯಸ್ಸಾಗುತ್ತಿರುವುದರಿಂದ ಎರಡನೆಯ ಮಾತಿನಲ್ಲಿ ಹುರುಳಿರಬಹುದು. ಮೊದಲನೆಯದು ಮಾತ್ರ ಬೇರೆ ಊರುಗಳ ಅನುಭವವನ್ನು ನೋಡಿ ಆಡಬೇಕಾದ ಮಾತು. ದೆಹಲಿಯಲ್ಲಿ ೨೦೦೮ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಇಂಥದೇ ಒಂದು ಪಟ್ಟಿ ತೆರೆಯಿತು. ಆರು ಕಿಲೋಮೀಟರೂ ಪೂರ್ತಿಯಾಗಿರಲಿಲ್ಲ. ಕಾರಿನವರ ಅಸಮಾಧಾನ ಮೊದಲ ದಿನದಿಂದಲೇ ಶುರುವಾಯಿತು. ಅದನ್ನು ತೆಗೆಸಬೇಕೆಂಬ ಅರ್ಜಿ ೨೦೧೨ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದರೂ ೨೦೧೬ರಲ್ಲಿ ಸರ್ಕಾರವೇ ಅದನ್ನು ಕಿತ್ತುಹಾಕಿತು. ಭೋಪಾಲದಲ್ಲಿ ೨೦೨೪ರಲ್ಲಿ ಕೀಳಲಾರಂಭಿಸಿದರು. ಇಂದೂರಿನದನ್ನು ತೆಗೆಯಬೇಕೆಂದು ೨೦೨೫ರ ಫೆಬ್ರವರಿಯಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಇತ್ತ ಅಹಮದಾಬಾದು ೨೦೦೯ರ ನಂತರ ತನ್ನ ಪಟ್ಟಿಗಳನ್ನು ಬೆಳೆಸಿಕೊಂಡಿತು. ಎಲ್ಲೆಡೆಯೂ ಒಂದೇ ಔಷಧ. ಪಥ್ಯ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ.

‘ಖಾಲಿ ಬಿದ್ದಿದೆ’ ಎಂಬ ಮಾತನ್ನು ಕೊಂಚ ಬಿಚ್ಚಿ ನೋಡಬೇಕು. ಬಸ್ಸಿನ ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದ್ದಾಗ ಅದು ಖಾಲಿಯಾಗಿಯೇ ಕಾಣುತ್ತದೆ. ಎರಡು ಮೂರು ನಿಮಿಷಕ್ಕೊಂದು ಬಸ್ಸು ಅರವತ್ತು ಜನರನ್ನು ಹೊತ್ತು ದಾಟಿಹೋದ ಮೇಲೆ ಮಿಕ್ಕ ಹೊತ್ತು ಡಾಂಬರು ಬಿಸಿಲಿಗೆ ಹೊಳೆಯುತ್ತಿರುತ್ತದೆ. ರೈಲುಹಳಿಯೂ ದಿನದ ಬಹುಪಾಲು ಹೀಗೆಯೇ ಇರುತ್ತದೆ. ಅದರ ಮೇಲೆ ಸ್ಕೂಟರು ಬಿಡಿ ಎಂದು ಯಾರೂ ಕೇಳುವುದಿಲ್ಲ. ಪಟ್ಟಿಯನ್ನು ಎಲ್ಲರಿಗೂ ಬಿಟ್ಟರೆ ಮೊದಲ ಕೆಲವು ತಿಂಗಳು ಎಲ್ಲರಿಗೂ ಹಾಯೆನಿಸುವುದು ಖಂಡಿತ. ಆಮೇಲೆ ಆ ಪಟ್ಟಿಗಳೂ ತುಂಬುತ್ತವೆ. ಆಗ ನಡುರಸ್ತೆಯಲ್ಲಿರುವ ನಿಲ್ದಾಣಕ್ಕೆ ಬರುವ ಬಸ್ಸು ಕಾರುಗಳ ನಡುವೆ ಸಿಕ್ಕಿ ನಿಲ್ಲುತ್ತದೆ. ಹಳೆಯ ರಸ್ತೆಯಲ್ಲಿ ಅಂಚಿನಲ್ಲಿ ನಿಂತು ಕಾಯುತ್ತಿದ್ದವರು ನಡುವೆ ನಿಂತು ಕಾಯಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಹಾಗೆಂದು ಇದ್ದದ್ದು ಇದ್ದಂತೆಯೇ ಇರಲಿ ಎನ್ನುವುದು ನನ್ನ ಅಭಿಪ್ರಾಯವಲ್ಲ. ಜನಕ್ಕೆ ಈ ಪಟ್ಟಿಯ ಮೇಲೆ ಬಂದಿರುವ ಬೇಸರದಲ್ಲಿ ದೊಡ್ಡ ಪಾಲು ಪಟ್ಟಿಯ ತಪ್ಪಲ್ಲ. ಮುಗಿಯದೆ ಉಳಿದ ಸಣ್ಣ ಕೆಲಸಗಳದು. ದಾಟುವ ಜಾಗಗಳಲ್ಲಿ ಸಿಗ್ನಲ್ಲು ಹಾಕಿ, ಅಲ್ಲಿ ಕಾರು ನಿಲ್ಲುವಂತೆ ಪೋಲೀಸರು ಒಂದು ವರ್ಷ ಬಿಡದೆ ನಿಂತು ನೋಡಿಕೊಳ್ಳಲಿ. ಟೋಲ್ ನಾಕಾದ ನೀರಿಗೆ ದಾರಿ ತೋರಿಸಲಿ. ಬಡಾವಣೆಗಳಿಂದ ಸಣ್ಣ ಬಸ್ಸುಗಳನ್ನು ಹೆಚ್ಚಿಸಲಿ. ಹಳೆಯ ಬಸ್ಸುಗಳ ಬದಲಿಗೆ ಹೊಸವನ್ನು ತರಲಿ. ೯೭೦ ಕೋಟಿಯ ಮುಂದೆ ಇವುಗಳ ವೆಚ್ಚ ದೊಡ್ಡದಲ್ಲ. ಅದಾದ ಮೇಲೆ ಪಟ್ಟಿಯನ್ನು ಇಡುವುದೋ ತೆಗೆಯುವುದೋ ಎಂದು ನಿಷ್ಕರ್ಷೆ ಮಾಡಲು ಕುಳಿತವರು ಒಂದು ದಿನ ಬೆಳಗಿನ ಒಂಬತ್ತರಿಂದ ಹನ್ನೊಂದರವರೆಗೆ ಉಣಕಲ್ಲಿನ ಕೆರೆಯ ಬಳಿ ನಿಂತು ಎಣಿಸಬಹುದು. ವಾಹನಗಳನ್ನು ಎಣಿಸಿದರೆ ಪಟ್ಟಿ ಸೋಲುತ್ತದೆ, ಅದು ಖಂಡಿತ. ಅವರು ಎಣಿಸಬೇಕಾದದ್ದು ಒಂದೊಂದು ಪಟ್ಟಿಯಲ್ಲಿ ದಾಟಿಹೋದ ತಲೆಗಳನ್ನು. ಜೊತೆಗೆ, ಆ ಎರಡು ಗಂಟೆಗಳಲ್ಲಿ ರಸ್ತೆ ದಾಟಲು ಅಂಚಿನಲ್ಲಿ ನಿಂತವರು ಎಷ್ಟು ಜನ, ಎಷ್ಟು ಹೊತ್ತು ನಿಂತರು ಎಂಬುದನ್ನು.